ಕಿಕುಯು ಜನರ ಮನೆಯಲ್ಲಿ ಅಜ್ಜನ ಸ್ಥಾನ

ಆಫ್ರಿಕಾ ಖಂಡವೆಂದೊಡನೆ ನಮ್ಮಲ್ಲನೇಕರ ಮನಸ್ಸಿಗೆ ಬರುವುವು ಅರಣ್ಯವೂ ಸಿಂಹವೂ ಮಾತ್ರ. ಅಲ್ಲಿ ಗೃಹಸ್ಥಧರ್ಮವೆಂಬುದೊಂದಿತ್ತೇ ಎಂದು ಸಂದೇಹಪಡುವವರೂ ಉಂಟು. ಅಂಥವರಿಗಾಗಿ ಈ ತಿಂಗಳು ಕೀನ್ಯಾ ದೇಶದ ಕಿಕುಯು ಜನರ ಹಿಂದಿನ ಮನೆವಾರ್ತೆಯನ್ನು ಕೊಂಚ ನಿರೂಪಿಸುತ್ತೇವೆ. ಆ ಕುಲದಲ್ಲಿಯೇ ಹುಟ್ಟಿ, ಮುಂದೆ ಸ್ವತಂತ್ರ ಕೀನ್ಯಾದ ಪ್ರಥಮ ಅಧ್ಯಕ್ಷನಾದ ಜೋಮೋ ಕೆನ್ಯಾಟನು ತನ್ನವರ ಆಚಾರಗಳನ್ನು ಕುರಿತು ಬರೆದ ಗ್ರಂಥವು 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪರರು ಬರೆದುದಕ್ಕಿಂತ ಮನೆಯವನು ಬರೆದುದು ಮೇಲಲ್ಲವೆ? ಸ್ವಜನಪಕ್ಷಪಾತವನ್ನಷ್ಟು ಕಳೆದು ಓದಿಕೊಳ್ಳಬೇಕು.

ಗಿಕುಯು ಎಂಬ ಮೂಲಪುರುಷನಿಗೂ ಅವನ ಪತ್ನಿ ಮುಂಬಿಗೂ ಒಂಬತ್ತು ಹೆಣ್ಣುಮಕ್ಕಳು ಹುಟ್ಟಿದರೆಂದೂ, ಅವರ ಹೆಸರುಗಳೇ ಕುಲಗಳಿಗೆ ನಿಂತುವೆಂದೂ ಅವರ ಐತಿಹ್ಯ. ಋಷಿಗಳಿಂದ ಗೋತ್ರವನ್ನೆಣಿಸುವ ನಮಗೆ ಇದು ವಿಚಾರಾರ್ಹವಾದುದು. ಬಹುಪತ್ನೀತ್ವವಿದ್ದುದರಿಂದ ಒಂದೇ ಬೇಲಿಯೊಳಗೆ ಪ್ರತಿಯೊಬ್ಬ ಪತ್ನಿಗೂ ಬೇರೆ ಬೇರೆ ಗುಡಿಸಲು; ಯಜಮಾನನಿಗೆ 'ಥಿಂಗಿರ'ವೆಂಬ ಪ್ರತ್ಯೇಕ ಗುಡಿಸಲು. ಸಂಜೆಯಾದ ಮೇಲೆ ಗಂಡುಹುಡುಗರು ಈ ಥಿಂಗಿರದ ಬೆಂಕಿಯ ಸುತ್ತ ಕುಳಿತು ವಂಶಾವಳಿ, ಜಮೀನಿನ ಮೇರೆ, ಸಭಾಮರ್ಯಾದೆಗಳನ್ನು ಕಲಿಯುತ್ತಿದ್ದರು. ತಾಯಂದಿರ ಗುಡಿಸಲಿನಲ್ಲಿ ಕಥೆಗಳೂ ಒಗಟುಗಳೂ ನಡೆಯುತ್ತಿದ್ದುವು. ಹಾಜರಿ ಪುಸ್ತಕವಿಲ್ಲದ ಪಾಠಶಾಲೆ!

ಆದರೆ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದುದು ನಾಮಕರಣದ ಪದ್ಧತಿ. ಮೊದಲನೆಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಹೆಣ್ಣುಮಕ್ಕಳಿಗೆ ಇದೇ ಕ್ರಮದಲ್ಲಿ ಅಜ್ಜಿಯರ ಹೆಸರುಗಳು. ನಮ್ಮಲ್ಲಿಯೂ ಅಜ್ಜನ ಹೆಸರಿಡುವುದುಂಟು. ಅವರಾದರೋ ಹೆಸರಿನೊಡನೆ ಸಂಬಂಧವನ್ನೂ ಕೊಡುತ್ತಾರೆ. ತಂದೆಯು ತನ್ನ ಚೊಚ್ಚಲ ಮಗನನ್ನು ಪ್ರೀತಿಯಿಂದ 'ಅಪ್ಪ'ನೆಂದು ಕರೆಯುತ್ತಾನೆ. ಅಜ್ಜನಿಗೆ ಮೊಮ್ಮಗನು ಸಮವಯಸ್ಕ. ಅಜ್ಜಿಗೆ ಪರಿಹಾಸದಲ್ಲಿ ಗಂಡ! ಆದುದರಿಂದ ಮುದುಕನೊಡನೆ ಕೀಟಲೆ ಮಾಡುವ ಅಧಿಕಾರ ಮಗನಿಗಿಲ್ಲ, ಮೊಮ್ಮಗನಿಗುಂಟು. ಮುಪ್ಪು ಬಂದವನಿಗೆ ಆ ಮನೆಯಲ್ಲಿ ಕೆಲಸವಿತ್ತು, ಜೊತೆಗಾರನಿದ್ದನು. ಅರುವತ್ತರ ಅಂಚಿನಲ್ಲಿರುವ ನಮ್ಮಂಥವರು ಇದನ್ನು ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚುಪಟ್ಟರೆ ವಾಚಕರು ಕ್ಷಮಿಸಬೇಕು. ತಂದೆಯ ಪದವಿಯೂ ಮಕ್ಕಳನ್ನೇ ಅವಲಂಬಿಸಿತ್ತು: ಮಕ್ಕಳು ಪ್ರಾಪ್ತವಯಸ್ಕರಾದಂತೆಲ್ಲ ಆತನು ಮೇಕೆಯ ಕಾಣಿಕೆ ಸಲ್ಲಿಸಿ ಹಿರಿಯರ ಸಭೆಯಲ್ಲಿ ಮೇಲೇರುತ್ತಿದ್ದನು.

ಅವರ ದೇವರು ಒಬ್ಬನೇ, ಎನ್‌ಗಾಯ್. 17,000 ಅಡಿಗೂ ಮಿಗಿಲಾದ ಹಿಮಾವೃತ ಕಿರಿನ್ಯಾಗ ಪರ್ವತದ ಮೇಲೆ ಆತನ ವಿಶ್ರಾಂತಿಸ್ಥಾನ. ಮಳೆ ಬಾರದಿದ್ದಾಗ ಮುಗುಮೋ ವೃಕ್ಷದಡಿಯಲ್ಲಿ ಪರ್ವತಾಭಿಮುಖರಾಗಿ ಕುರಿಮರಿಯನ್ನು ಬಲಿಯರ್ಪಿಸುತ್ತಿದ್ದರು. ಹಿರಿಯರೊಡನೆ ಎಳೆಯ ಮಕ್ಕಳಿಗೂ ಅಲ್ಲಿ ಪಾಲುಂಟು. ಆ ವೃಕ್ಷವು ನಮ್ಮ ಆಲ, ಅತ್ತಿ, ಅಶ್ವತ್ಥಗಳ ಜಾತಿಗೇ ಸೇರಿದುದು. ಒಬ್ಬೊಬ್ಬನ ಸಣ್ಣಪುಟ್ಟ ಬಯಕೆಗಳಿಗಾಗಿ ದೇವರನ್ನು ಪೀಡಿಸಕೂಡದು. ಜನನ, ದೀಕ್ಷೆ, ವಿವಾಹ, ಮರಣಗಳಲ್ಲಿ ಕುಟುಂಬವೆಲ್ಲ ಸೇರಿ ಪ್ರಾರ್ಥಿಸತಕ್ಕದ್ದು. ಪಿತೃಗಳ ವಿಷಯ ಬೇರೆ. ಪಾನೀಯದಲ್ಲಿ ಕೊಂಚವನ್ನು ನೆಲಕ್ಕೆ ಸುರಿದು ಅವರ ಪಾಲನ್ನು ಅವರಿಗೆ ಸಲ್ಲಿಸುತ್ತಿದ್ದರು. ಇದು ಪೂಜೆಯಲ್ಲ, ಸಹವಾಸವೆಂದು ಗ್ರಂಥಕರ್ತನ ಅಭಿಪ್ರಾಯ.

ಎಲ್ಲವನ್ನೂ ನಾವು ಮೆಚ್ಚಲಾರೆವು. ದೀಕ್ಷೆಯ ಹೆಸರಿನಲ್ಲಿ ಬಾಲಿಕೆಯರಿಗೆ ನಡೆಸುತ್ತಿದ್ದ ಅಂಗಚ್ಛೇದನವನ್ನು ಕೆನ್ಯಾಟನು ಸಮರ್ಥಿಸಿದನು, ನಾವು ಒಪ್ಪುವುದಿಲ್ಲ. ಕೀನ್ಯಾ ಸರಕಾರವೇ 2011ರ ಕಾನೂನಿನಿಂದ ಅದನ್ನು ನಿಷೇಧಿಸಿತು.

ಈ ಮನೆವಾರ್ತೆ ಸಡಿಲವಾದುದು ಪಟ್ಟಣದ ಮೋಹವೊಂದರಿಂದಲೇ ಅಲ್ಲ. 1896ರಲ್ಲಿ ಮೊಂಬಾಸಾದಿಂದ ಹೊರಟ ರೈಲುಮಾರ್ಗವು 1899ರಲ್ಲಿ ನೈರೋಬಿಯನ್ನು ಮುಟ್ಟಿತು. ಅದನ್ನು ಹಾಸಿದ ಕೂಲಿಕಾರರಲ್ಲಿ ಬಹುಮಂದಿ ಹಿಂದೂಸ್ಥಾನದವರು. ಹಿಂದೆಯೇ ಬಿಳಿಯರು ಒಳ್ಳೆಯ ಭೂಮಿಯನ್ನು ಸ್ವಾಧೀನಪಡಿಸಿಕೊಂಡರು. ಗುಡಿಸಲಿಗೆ ತೆರಿಗೆ ಬಿದ್ದಿತು. ಅಲ್ಲಿ 1920ರವರೆಗೆ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ! ಗೆಣಸು, ರಾಗಿಗಳನ್ನು ಬೆಳೆಯಬಲ್ಲವನು ರೂಪಾಯಿಯನ್ನು ಬೆಳೆಯಲಾರನಷ್ಟೆ. ಪ್ರಾಯದ ಗಂಡಸರು ಬಿಳಿಯರ ತೋಟಗಳಿಗೂ ನೈರೋಬಿಗೂ ಕೂಲಿಗೆ ಹೊರಟರು. ಥಿಂಗಿರದ ಬೆಂಕಿಯ ಬಳಿ ಅಜ್ಜನು ಉಳಿದನು, ಕೇಳುವವರು ಕಡಮೆಯಾದರು.

ಹೆಸರಿನ ಕ್ರಮ ಮಾತ್ರ ಇಂದಿಗೂ ಬಹುಮಟ್ಟಿಗೆ ನಿಂತಿದೆ. ಕ್ರೈಸ್ತಮತವನ್ನು ಸ್ವೀಕರಿಸಿದವರೂ ಮಗುವಿಗೆ ಜ್ಞಾನಸ್ನಾನದ ಹೆಸರನ್ನು ಮೊದಲಿಟ್ಟು, ಅದರ ಪಕ್ಕದಲ್ಲಿ ಅಜ್ಜನ ಹೆಸರನ್ನು ಸೇರಿಸುತ್ತಾರೆ.