ಪಹಣಿಯಲ್ಲಿ ಇಲ್ಲದ ಅಮ್ಮ

ಜನವರಿ ತಿಂಗಳ ಚಳಿ. ಬ್ಯಾಡಗಿ ಕಡೆಯ ಹಳ್ಳಿಯ ಒಂದು ಮನೆಯಲ್ಲಿ ಫಜ್ರ್ ಅಝಾನ್‌ಗೆ ಮೊದಲೇ ಒಲೆ ಹೊತ್ತಿಕೊಳ್ಳುತ್ತದೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಅಝಾನ್ ಆಗುತ್ತಲೇ ಆ ಸದ್ದು ನಿಲ್ಲುತ್ತದೆ. ನಮಾಝ್ ಮುಗಿದ ಮೇಲೆ ಮತ್ತೆ ಆರಂಭವಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಆಕೆ ಹೊಲದ ದಾರಿ ಹಿಡಿದಿರುತ್ತಾಳೆ.

ಆಕೆಯ ಹೆಸರು ಹೇಳುವ ಅಗತ್ಯವಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಮುಸ್ಲಿಮ್ ರೈತರ ಮನೆಗಳಿರುವ ಊರುಗಳಿಗೆ ಹೋದರೆ ಇಂಥ ತಾಯಂದಿರು ಸಿಗುತ್ತಾರೆ. ಅವರೆಲ್ಲರನ್ನೂ ಒಬ್ಬ ತಾಯಿಯಾಗಿ ನೆನೆದು ಈ ಸಲದ ಅಂಕಣ ಬರೆಯುತ್ತಿದ್ದೇನೆ.

ಹದಿಹರೆಯ ದಾಟುವ ಮೊದಲೇ ಸೊಸೆಯಾಗಿ ಬಂದವಳು ಆಕೆ. ಆಗ ಹಾವೇರಿ ಧಾರವಾಡ ಜಿಲ್ಲೆಯೊಳಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬಂದ ವರ್ಷವೇ ಅತ್ತೆ ಕೈಗೆ ಕುಡುಗೋಲು ಕೊಟ್ಟಳು. ಅಂದಿನಿಂದ ಮುಂಗಾರಿನಲ್ಲಿ ಬಿತ್ತನೆ, ಕಳೆ, ಹಿಂಗಾರಿನಲ್ಲಿ ಜೋಳದ ರಾಶಿ, ಇತ್ತೀಚಿನ ವರ್ಷಗಳಲ್ಲಿ ಗೋವಿನಜೋಳದ ತೆನೆ ಮುರಿಯುವುದು, ಎಲ್ಲದರಲ್ಲಿಯೂ ಆಕೆಯ ಕೈ ಇದೆ. ಎರೆ ಮಣ್ಣು ಮಳೆಯಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆಕೆಯ ಹಿಮ್ಮಡಿಯೂ ಹಾಗೆಯೇ ಆಗಿದೆ.

ಮೆಣಸಿನಕಾಯಿಯ ಕೆಲಸವಂತೂ ಹೆಚ್ಚಾಗಿ ಹೆಂಗಸರದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅದರ ಕಡುಗೆಂಪು ಬಣ್ಣವನ್ನು ತೆಗೆದು ಆಹಾರ ಪದಾರ್ಥಗಳಿಗೂ, ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ಆದರೆ ಆ ಬಣ್ಣ ಕೆಡದಂತೆ ಕಾಯುವವರು ಯಾರು? ಹಣ್ಣಾದ ಕಾಯಿಗಳನ್ನು ನೋಡಿ ನೋಡಿ ಬಿಡಿಸಬೇಕು. ಒಂದೇ ಸಲಕ್ಕೆ ಮುಗಿಯದು, ಎರಡು ಮೂರು ಸಲ ಬಿಡಿಸಬೇಕು. ಕಣದಲ್ಲಿ ಹರವಿ, ತಿರುವಿ, ರಾತ್ರಿಯ ಇಬ್ಬನಿಗೆ ಮುಚ್ಚಿ, ಬಿಳಿಚಿದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಬ್ಯಾಡಗಿ ಪೇಟೆಯಲ್ಲಿ ತೊಟ್ಟು ಮುರಿಯುವ ಕೆಲಸದಲ್ಲಿಯೂ ಹೆಂಗಸರೇ ಸಾಲಾಗಿ ಕುಳಿತಿರುತ್ತಾರೆ. ಸಂಜೆ ಉರಿಯುವ ಕೈಗಳಿಗೆ ಎಣ್ಣೆ ಸವರಿಕೊಂಡು, ಅದೇ ಕೈಗಳಿಂದ ಕೂಸನ್ನು ಎತ್ತಿಕೊಳ್ಳಲು ಹೆದರುವ ತಾಯಿಯ ಸಂಕಟ ಎಷ್ಟು ಜನರಿಗೆ ಗೊತ್ತು?

ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆ ಹೆಚ್ಚು. ಹತ್ತಿಯ ಹೈಬ್ರಿಡ್ ಬೀಜ ಮಾಡಬೇಕಾದರೆ ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯಬೇಕು, ಗುರುತು ಕಟ್ಟಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಸವರಬೇಕು. ಊರಿನವರು ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಇದನ್ನೂ ಹೆಂಗಸರ ಬೆರಳುಗಳೇ ಮಾಡುತ್ತವೆ.

ಹೀಗೆ ನಲವತ್ತು ಐವತ್ತು ವರ್ಷ ದುಡಿದವಳನ್ನು ನೀವು ಏನು ಮಾಡುತ್ತೀರಿ ಎಂದು ಕೇಳಿ ನೋಡಿ. “ನಾ ಏನ್ ಮಾಡ್ತೀನ್ರಿ, ಮನ್ಯಾಗ ಇರ್ತೀನಿ” ಎನ್ನುತ್ತಾಳೆ. ರೈತ ಯಾರು ಎಂದರೆ ಗಂಡನ ಕಡೆ ಕೈ ತೋರಿಸುತ್ತಾಳೆ.

ಆಕೆಯ ಈಮಾನ್ ಪುಸ್ತಕ ಓದಿ ಬಂದದ್ದಲ್ಲ. ಬದುವಿನ ಮೇಲೆ ಟವೆಲ್ ಹಾಸಿ ಝುಹ್ರ್ ನಮಾಝ್ ಮಾಡಿದವಳು. ಮಕ್ಕಳಿಗೆ ಕಲಿಮಾ ಹೇಳಿಕೊಟ್ಟವಳು. ರಾಶಿಯಾದ ದಿನ ಬಡವರ ಪಾಲನ್ನು ಮೊದಲು ತೆಗೆದಿಡುವವಳೂ ಆಕೆಯೇ. ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಟ್ಟುಬಿಡಬೇಕೆಂದು ಪವಿತ್ರ ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯ ಆಜ್ಞಾಪಿಸುತ್ತದೆ. ಮಳೆಯಿಂದ ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲು, ನೀರೆತ್ತಿ ಬೆಳೆಸಿದ್ದರಲ್ಲಿ ಇಪ್ಪತ್ತನೆಯ ಒಂದು ಪಾಲು ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಈ ಲೆಕ್ಕ ಆಕೆಗೆ ಬಾಯಿಗೆ ಬರದಿರಬಹುದು. ಆದರೆ ಪಕ್ಕದ ಮನೆಯ ವಿಧವೆ, ಜಾತಿ ಯಾವುದೇ ಇರಲಿ, ರಾಶಿಯ ದಿನ ಬರಿಗೈಯಲ್ಲಿ ಹೋದದ್ದಿಲ್ಲ. ಹಬ್ಬಕ್ಕೆ ಅತ್ತ ಕಡೆಯಿಂದ ಹೋಳಿಗೆ ಬರುತ್ತದೆ, ಇತ್ತ ಕಡೆಯಿಂದ ಶೀರ್ ಖುರ್ಮಾ ಹೋಗುತ್ತದೆ.

ಬೆಲೆ ಬಿದ್ದಾಗಲೂ ಆಕೆ ಕುಸಿಯಲಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ದರ ಒಮ್ಮೆಲೇ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಸ್ಫೋಟಗೊಂಡಿತು. ಅಂಥ ದಿನಗಳಲ್ಲಿ ಸೋತ ಮುಖದಿಂದ ಮನೆಗೆ ಬಂದ ಗಂಡನಿಗೆ ನೀರು ಕೊಟ್ಟು, “ಅಲ್ಲಾ ಕೊಟ್ಟಷ್ಟು ನಮ್ಮದು, ಮೊದಲ ಉಣ್ರಿ” ಎನ್ನುವ ಒಂದು ಮಾತು ಎಷ್ಟೋ ಮನೆಗಳನ್ನು ಉಳಿಸಿದೆ.

ನಾವು ಇಂಥ ತಾಯಿಯನ್ನು ಬಾಯ್ತುಂಬ ಹೊಗಳುತ್ತೇವೆ. ತಾಯಿಯ ಪಾದದಡಿ ಸ್ವರ್ಗವಿದೆ ಎನ್ನುತ್ತೇವೆ. ಆಕೆಯ ಸಬ್ರ್ ನೋಡಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಇಂದು ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಆಕೆಯ ಗಂಡ ತೀರಿಹೋದ ಮೇಲೆ ಪಹಣಿಯಲ್ಲಿ ಆಕೆಯ ಹೆಸರು ಬಂದಿದೆಯೇ?

ಉತ್ತರ ನಮಗೆಲ್ಲ ಗೊತ್ತು. ಎಷ್ಟೋ ಮನೆಗಳಲ್ಲಿ ಹೊಲ ನೇರವಾಗಿ ಗಂಡುಮಕ್ಕಳ ಹೆಸರಿಗೆ ಹೋಗುತ್ತದೆ. “ಅಮ್ಮ ನಮ್ಮ ಹತ್ತಿರವೇ ಇರುತ್ತಾಳಲ್ಲ, ಅವಳಿಗೇಕೆ ಹೊಲ?” ಎನ್ನುತ್ತಾರೆ. ಹೆಣ್ಣುಮಕ್ಕಳನ್ನು ಕರೆಸಿ, ಸೀರೆ ಉಡಿಸಿ, ಊಟ ಹಾಕಿ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರು ಮುರಿದುಹೋದೀತೆಂಬ ಭಯದಿಂದ ಅವರು ಸಹಿ ಹಾಕುತ್ತಾರೆ. ಇದಕ್ಕೆ ನಾವು ಒಪ್ಪಿಗೆ ಎಂದು ಹೆಸರಿಟ್ಟಿದ್ದೇವೆ.

ಉಹುದ್ ಯುದ್ಧದಲ್ಲಿ ಹ. ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಸಹೋದರ ಎಲ್ಲ ಆಸ್ತಿಯನ್ನೂ ತಾನೇ ತೆಗೆದುಕೊಂಡ. ಅಂದಿನ ಅರಬ್ ಸಮಾಜದ ವಾಡಿಕೆ ಹಾಗೆಯೇ ಇತ್ತು. ಸಅದ್‌ರ ಪತ್ನಿ ಸುಮ್ಮನೆ ಕೂರಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರು ಕೊಟ್ಟರು. ವಾರಸುದಾರಿಕೆಯ ಸೂಕ್ತಗಳು ಅವತೀರ್ಣವಾದವು. ಪ್ರವಾದಿವರ್ಯರು(ಸ) ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಅವರ ತಾಯಿಗೆ ಎಂಟರಲ್ಲಿ ಒಂದು ಪಾಲು ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳುವಂತೆ ಆದೇಶಿಸಿದರು. ತಿರ್ಮಿದಿ ಮತ್ತು ಅಬೂದಾವೂದ್ ಗ್ರಂಥಗಳಲ್ಲಿ ಈ ವರದಿ ಇದೆ. ಆ ವಿಧವೆಯನ್ನು ಯಾರೂ ಸಬ್ರ್ ಮಾಡು ಎಂದು ಹಿಂದಕ್ಕೆ ಕಳಿಸಲಿಲ್ಲ ಎಂಬುದನ್ನು ಗಮನಿಸಿ. ಸಬ್ರ್ ಅಲ್ಲಾಹನು ತರುವ ಪರೀಕ್ಷೆಗೆ. ನಾವು ಮಾಡುವ ಅನ್ಯಾಯಕ್ಕೆ ಆಕೆಯ ಸಬ್ರ್ ಮುಸುಕಾಗಬಾರದು.

ಹೊಲದ ದುಡಿಮೆ ಹೆಣ್ಣಿಗೆ ಕಡಿಮೆಯದೇನೂ ಅಲ್ಲ. ಹ. ಅಬೂಬಕರ್(ರ)ರ ಮಗಳು ಹ. ಅಸ್ಮಾ(ರ) ಪತಿ ಝುಬೈರ್‌ರ(ರ) ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ಸುಮಾರು ಎರಡು ಮೈಲಿ ನಡೆದು ಬರುತ್ತಿದ್ದರು. ಕುದುರೆಗೆ ಮೇವು ಹಾಕಿ, ನೀರು ಸೇದಿ, ಹಿಟ್ಟು ನಾದುತ್ತಿದ್ದರು. ಬುಖಾರಿ ಗ್ರಂಥದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ನಮ್ಮ ಬ್ಯಾಡಗಿಯ ತಾಯಿ ಅವರದೇ ದಾರಿಯಲ್ಲಿ ಬುಟ್ಟಿ ಹೊತ್ತು ನಡೆಯುತ್ತಿದ್ದಾಳೆ.

ಲೆಕ್ಕವನ್ನು ಬಿಡಿಸಿ ನೋಡೋಣ. ನಾಲ್ಕು ಎಕರೆ ಹೊಲವಿದ್ದ ರೈತನೊಬ್ಬ ತೀರಿಹೋದ. ಅವನ ತಂದೆ ತಾಯಿ ಮೊದಲೇ ತೀರಿಹೋಗಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಮೊದಲು ಅಂತ್ಯಸಂಸ್ಕಾರದ ಖರ್ಚು, ನಂತರ ಸಾಲ, ಆಮೇಲೆ ಮೂರನೆಯ ಒಂದು ಪಾಲನ್ನು ಮೀರದ ವಸಿಯ್ಯತ್. ಹೆಂಡತಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡ ಸಾಲವೇ, ಅದನ್ನೂ ತೀರಿಸಬೇಕು. ಇವೆಲ್ಲ ಮುಗಿದು ನಾಲ್ಕು ಎಕರೆ ಹಾಗೇ ಉಳಿದರೆ ಹೆಂಡತಿಗೆ ಎಂಟನೆಯ ಒಂದು ಪಾಲು, ಅಂದರೆ 20 ಗುಂಟೆ. ಉಳಿದ 140 ಗುಂಟೆಯಲ್ಲಿ ಮಗಳಿಗೆ 28 ಗುಂಟೆ, ಗಂಡುಮಕ್ಕಳಿಗೆ ತಲಾ 1 ಎಕರೆ 16 ಗುಂಟೆ. ಇಷ್ಟೇ. ಇಪ್ಪತ್ತು ಗುಂಟೆ ದೊಡ್ಡದಲ್ಲ. ಆದರೆ ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಹೆಣ್ಣಿಗೆ ಪಾಲು ಇದ್ದೇ ಇದೆ ಎಂದು ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ಸಾರುತ್ತದೆ.

ಹೊಲ ತುಂಡಾಗುತ್ತದೆ ಎಂಬ ಮಾತು ಬರುತ್ತದೆ. ಹೊಲವನ್ನು ತುಂಡು ಮಾಡಲೇಬೇಕೆಂದಿಲ್ಲ. ಎಲ್ಲರ ಹೆಸರನ್ನೂ ಜಂಟಿಯಾಗಿ ಬರೆಸಿ, ಒಟ್ಟಿಗೆ ಉತ್ತು, ಬೆಳೆಯ ಲಾಭವನ್ನು ಪಾಲಿನ ಪ್ರಕಾರ ಹಂಚಿಕೊಳ್ಳಬಹುದು. ಮಗಳ ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ಮಾತೂ ಬರುತ್ತದೆ. ವರದಕ್ಷಿಣೆ ನಾವೇ ತಂದುಕೊಂಡ ಕೆಡುಕು. ಒಂದು ಕೆಡುಕನ್ನು ತೋರಿಸಿ ಅಲ್ಲಾಹನು ಕೊಟ್ಟ ಪಾಲನ್ನು ಅಳಿಸಲು ಬರುವುದಿಲ್ಲ. 1937ರ ಷರೀಅತ್ ಕಾಯ್ದೆಯ ಮೂಲ ಪಠ್ಯದಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದಾರೆ ಎಂದು ಬಲ್ಲವರು ಕೆಲವರು ವಾದಿಸಬಹುದು. ಕಾಯ್ದೆಯಲ್ಲಿ ಹಾಗಿರಬಹುದು, ಅಲ್ಲಾಹನ ಕಟ್ಟಳೆಯಲ್ಲಿ ಅಂಥ ಬಿಡುವಿಲ್ಲ. ಮನೆಯವರೇ ಒಪ್ಪಿ ಕೊಡುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ.

ಪಹಣಿಯ ಹೆಸರು ಗೌರವಕ್ಕೆ ಮಾತ್ರವಲ್ಲ. ಬೆಳೆಸಾಲ, ಬೆಳೆವಿಮೆ ಎಲ್ಲಕ್ಕೂ ಮೊದಲು ಕೇಳುವುದು ಪಹಣಿಯನ್ನೇ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಕೂಡ ಭೂ ದಾಖಲೆಯ ಆಧಾರದ ಮೇಲೆಯೇ ಬರುತ್ತದೆ. ಇಳಿವಯಸ್ಸಿನಲ್ಲಿ ಔಷಧಿಗೂ ಮಗನ ಮುಖ ನೋಡಬೇಕಾದ ತಾಯಿಗೆ ಸ್ವಂತ 20 ಗುಂಟೆ ದೊಡ್ಡ ಆಸರೆ. ಇದಕ್ಕೆ ಮಾಡಬೇಕಾದ್ದು ಕಷ್ಟವೇನಲ್ಲ. ಮರಣ ಪ್ರಮಾಣಪತ್ರ ಪಡೆಯಿರಿ. ವಂಶವೃಕ್ಷ ಮಾಡಿಸುವಾಗ ತಾಯಿಯನ್ನೂ ಹೆಣ್ಣುಮಕ್ಕಳನ್ನೂ ಬಿಡದೆ ಬರೆಸಿರಿ. ಪೌತಿ ಖಾತೆಗೆ ಅರ್ಜಿ ಕೊಡಿ. ಪಾಲಿನ ಬಗ್ಗೆ ಸಂದೇಹವಿದ್ದರೆ ಊರಿನ ಆಲಿಮರನ್ನು ಕೇಳಿ.

ಹೆಣ್ಣಿನ ಕೈಗೆ ನೆಲ ಮತ್ತು ಬೀಜ ಸಿಕ್ಕರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಾವೇರಿಯ ಪಕ್ಕದ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವಿದೆ. ದೇಸಿ ಬೀಜಗಳನ್ನು ಉಳಿಸಿ, ಸಿರಿಧಾನ್ಯ ಸಂಸ್ಕರಿಸುವ ಈ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ಮಹಿಳೆಯರೂ ಇದೇ ಎರೆ ಮಣ್ಣಿನವರು.

ಓದುಗ ಸಹೋದರ ಸಹೋದರಿಯರೇ, ಇಂದು ರಾತ್ರಿ ಇಶಾ ನಮಾಝ್ ಆದ ಮೇಲೆ ಮನೆಯ ಪಹಣಿಯನ್ನು ತೆಗೆದು ನೋಡಿ. ತಂದೆಯ ಹೆಸರು ಇನ್ನೂ ಹಾಗೇ ಇದೆಯೇ? ಗಂಡುಮಕ್ಕಳ ಹೆಸರು ಮಾತ್ರ ಬಂದಿದೆಯೇ? ಅಮ್ಮ ಕೇಳುವುದಿಲ್ಲ. ಆಕೆ ಎಂದೂ ಏನನ್ನೂ ಕೇಳಿದವಳಲ್ಲ. ಆದರೆ ನಾಳೆ ಅಲ್ಲಾಹನು ಕೇಳುತ್ತಾನೆ.

ಹೊಲದ ಬದುವಿನಲ್ಲಿ ಸಜ್ದಾ ಮಾಡಿದ ಎಲ್ಲ ತಾಯಂದಿರ ದುಡಿಮೆಯನ್ನು ಅಲ್ಲಾಹನು ಸ್ವೀಕರಿಸಲಿ. ಅವರ ಹಕ್ಕನ್ನು ಅವರು ಬದುಕಿರುವಾಗಲೇ ಅವರ ಕೈಗೆ ಕೊಡುವ ಧೈರ್ಯವನ್ನು ನಮಗೆ ಕರುಣಿಸಲಿ. ಆಮೀನ್.