ಒಂದೇ ತೂಕ, ಬೇರೆ ಚಕ್ರ

ಎರಡು ವರ್ಷ ಚಕ್ರ ಎಸೆತದಲ್ಲಿ ನನ್ನ ಕೈಗೆ ಒಗ್ಗಿದ್ದ ಮರದ ಚಕ್ರದ ಅಂಚು ಈ ವರ್ಷ ಸಡಿಲಗೊಂಡಿತು. ಅಂಥದೇ ಬೇಕೆಂದು ಅಂಗಡಿಗೆ ಹೋದರೆ, ಆ ಮಾದರಿಯ ತಯಾರಿಕೆಯೇ ನಿಂತಿದೆಯೆಂದರು. “ಹೆಣ್ಣುಮಕ್ಕಳ ಚಕ್ರವೆಲ್ಲ ಒಂದೇ ಕಿಲೋ, ಯಾವುದಾದರೇನು?” ಎಂದು ಬೆಲೆ ಹೆಚ್ಚಿನದೊಂದನ್ನು ಕೊಟ್ಟರು. ನಾನೂ ನಂಬಿದೆ. ಕ್ರೀಡಾಕೂಟಕ್ಕೆ ಮೂರೇ ವಾರ. ಹೊಸ ಚಕ್ರವಾದರೋ ಕೈಬಿಟ್ಟೊಡನೆ ಓಲಾಡಿ, ಹಳೆಯ ಗುರುತಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ಬೀಳತೊಡಗಿತು.

ನಿಯಮವು ಕನಿಷ್ಠ ತೂಕ 1 ಕಿಲೋಗ್ರಾಂ, ವ್ಯಾಸ 180ರಿಂದ 182 ಮಿಲಿಮೀಟರ್ ಎನ್ನುತ್ತದೆ. ಆ ತೂಕದಲ್ಲಿ ಅಂಚಿಗೆಷ್ಟು, ನಡುವಿಗೆಷ್ಟು ಎಂದು ಹೇಳುವುದಿಲ್ಲ. ಅಂಚು ಭಾರವಾದಷ್ಟೂ ಚಕ್ರವನ್ನು ತಿರುಗಿಸುವುದು ಕಷ್ಟ. ಒಮ್ಮೆ ತಿರುಗಿತೆಂದರೆ ಸ್ಥಿರವಾಗಿ ಹಾರುತ್ತದೆ. ಬಲಿತ ಕೈಗೆ ಅದು ವರ, ನನ್ನಂಥವರಿಗೆ ಹೊರೆ. ಮೈಸೂರಿನಲ್ಲಿ ಹುಟ್ಟಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದ ವಿಕಾಸ್ ಗೌಡರಂಥವರ ಶಕ್ತಿ ನಮಗೆಲ್ಲಿಂದ ಬರಬೇಕು?

ಕುಡುಗೋಲು ಕೊಳ್ಳುವಾಗ ನಮ್ಮ ತಂದೆ ಬೆಲೆ ಕೇಳುವ ಮೊದಲು ಅದನ್ನು ಬೀಸಿ ನೋಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅವರಿಗಿರುವ ಈ ವಿವೇಕ, ಪದವಿಯ ಹೊಸಿಲಲ್ಲಿ ನಿಂತ ನನಗಿರಲಿಲ್ಲ!

ಕೊನೆಗೆ ಬೇರೆ ಕಾಲೇಜಿನ ಗೆಳತಿಯಿಂದ ಹಗುರ ಅಂಚಿನ, ಅಗ್ಗದ ಚಕ್ರವೊಂದನ್ನು ಎರವಲು ತಂದೆ. ಬಹುಮಾನ ಬರಲಿಲ್ಲ, ಕಳೆದುಕೊಂಡ ನಾಲ್ಕು ಹೆಜ್ಜೆ ಮರಳಿ ಬಂದವು. ನಾನಂತೂ ಈ ವರ್ಷ ಹೊರಡುವವಳು. ಕಿರಿಯ ಸೋದರಿಯರ ಪರವಾಗಿ ಒಂದೇ ಬಿನ್ನಹ: ಮುಂದೆ ಚಕ್ರ ಕೊಳ್ಳುವಾಗ ಬೆಲೆಪಟ್ಟಿಯನ್ನು ನೋಡುವ ಮೊದಲು, ಎಸೆಯುವವಳ ಕೈಗೊಮ್ಮೆ ಅದನ್ನು ಕೊಟ್ಟು ನೋಡಿರಿ.