ಗಿರಾಕಿಯನ್ನು ಕರೆತಂದವರಾರು?

ಕೊಪ್ಪದ ವರ್ತಕರೊಬ್ಬರು ಶೃಂಗೇರಿ, ನರಸಿಂಹರಾಜಪುರಗಳಲ್ಲಿಯೂ ಮಳಿಗೆಗಳನ್ನಿಟ್ಟು ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪಗಳನ್ನು ಮಾರುತ್ತಾರೆಂದು ಭಾವಿಸೋಣ. ನವರಾತ್ರಿಗೆ ಮುನ್ನ ಹಳೆಯ ಗಿರಾಕಿಗಳಿಗೆಲ್ಲ ಇ-ಮೇಲ್ ಪತ್ರ ಹೋಗುತ್ತದೆ. ಅನಂತರದ ವಾರದಲ್ಲಿ ಅವರು ಕೊಟ್ಟ ಹಣವನ್ನೆಲ್ಲ ಕಂಪ್ಯೂಟರಿನ ಲೆಕ್ಕವು ಆ ಪತ್ರದ ಖಾತೆಗೇ ಜಮಾ ಮಾಡುತ್ತದೆ. ಶಾರದಾಂಬೆಯ ದರ್ಶನಕ್ಕೆ ಹೇಗೂ ಬರಲಿದ್ದವರ ಹಣವೂ ಅದರಲ್ಲಿ ಸೇರಿಹೋಗುತ್ತದೆ. ಕಾಗೆ ಕುಳಿತೊಡನೆ ತಾಳೆಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನುವ ಕಾಕತಾಳೀಯವಿದು.

ಪತ್ರ ತೆರೆದವರನ್ನಷ್ಟೇ ಎಣಿಸಿದರಾಯಿತೆನ್ನುವವರುಂಟು. ಆದರೆ 2021ರಲ್ಲಿ ಆಪಲ್ ಸಂಸ್ಥೆ ತಂದ ಏರ್ಪಾಡನ್ನು ಬಳಸುವವರಲ್ಲಿ, ಪತ್ರದ ಚಿತ್ರಗಳು ಮುಂಚಿತವಾಗಿಯೇ ಇಳಿಯುವುದರಿಂದ, ಓದದ ಪತ್ರವೂ ತೆರೆದಂತೆಯೇ ಕಾಣುತ್ತದೆ.

ಚೀಟಿ ಎತ್ತಿ, 1,000 ಗಿರಾಕಿಗಳಲ್ಲಿ 500 ಮಂದಿಗೆ ಪತ್ರ ಕಳುಹಿಸದಿರುವುದೇ ಸರಿಯೆಂದು ನಮಗೆ ತೋರುತ್ತದೆ. ಪತ್ರ ಪಡೆದವರಲ್ಲಿ 60 ಮಂದಿ, ಪಡೆಯದವರಲ್ಲಿ 52 ಮಂದಿ ಕೊಂಡರೆನ್ನಿ. ಆಗ ಪತ್ರದ ಫಲ 60 ಅಲ್ಲ, 8. ಅದೂ ನಿಶ್ಚಿತವಲ್ಲ, ಇಷ್ಟು ಸಣ್ಣ ಎಣಿಕೆಯಲ್ಲಿ ಸುಮಾರು 10ರ ವ್ಯತ್ಯಾಸವು ಆಕಸ್ಮಿಕವಾಗಿಯೇ ಬರಬಹುದು. (ಪ್ರಯೋಗಶಾಲೆಯಲ್ಲಿ ದೋಷಮಿತಿಯನ್ನು ಬರೆಯದ ವಿದ್ಯಾರ್ಥಿಯ ಅಂಕಗಳನ್ನು ನಾವು ಕಳೆಯುತ್ತೇವೆ; ಇಂತಹ ವ್ಯಾಪಾರೀ ವರದಿಗಳಿಗೆ ಕಳೆಯುವವರಿಲ್ಲ.)

ಅಮೆರಿಕದ ಈಬೇ ಸಂಸ್ಥೆ 2012ರಲ್ಲಿ, ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವೆಡೆ ನಿಲ್ಲಿಸಿ ನೋಡಿತು. ಬಹುತೇಕ ಎಲ್ಲರೂ ಜಾಹೀರಾತಿಲ್ಲದೆಯೇ ಬಂದರು!

ಪತ್ರ ಕಳುಹಿಸಿ ಹಣ ಪಡೆಯುವವರೇ ಫಲದ ಲೆಕ್ಕವನ್ನೂ ಬರೆಯುವಲ್ಲಿ ಇಂತಹ ಪರೀಕ್ಷೆ ನಡೆಯುವುದು ವಿರಳ. ಅರ್ಧ ಮಂದಿಗೆ ಪತ್ರ ತಡೆದರೆ ನಷ್ಟವಾದೀತೆಂದು ವರ್ತಕರೂ ಹಿಂಜರಿಯುತ್ತಾರೆ. ಆ ನಷ್ಟ ನಿಜವಾಗಿ ಆಗುತ್ತದೆಯೆ ಎಂಬುದನ್ನೇ ತಾನೇ ಅಳೆಯಬೇಕಾಗಿರುವುದು? ಮುಂದಿನ ನವರಾತ್ರಿಗೆ ಒಮ್ಮೆ ಚೀಟಿ ಎತ್ತಿ ನೋಡಲಿ.